ಯಾರ ಸಮಾಧಾನಕ್ಕೆ ಈ ಆಪರೇಷನ್?

ನಾಯಿಗೆ ಲಕ್ಷಗಟ್ಟಲೆ ಸುರಿದು ಆಪರೇಷನ್ ಮಾಡಿಸೋದು ಸರಿಯಾ? ಈ ಪ್ರಶ್ನೆ ಎತ್ತಿದರೆ ಸಾಕು, ಆಫೀಸಿನ ಊಟದ ಟೇಬಲ್ ಎರಡು ಪಕ್ಷ ಆಗುತ್ತದೆ. ಒಂದು ಪಕ್ಷಕ್ಕೆ ಅದು ದುಡ್ಡಿನ ಕೊಬ್ಬು. 'ಊರಲ್ಲಿ ಮನುಷ್ಯರಿಗೇ ಆಸ್ಪತ್ರೆ ಇಲ್ಲ, ಇವರಿಗೆ ನಾಯಿದು' ಅಂತ ಮೊಸರನ್ನ ಕಲಸುತ್ತಾ ಹೇಳುತ್ತಾರೆ. ಇನ್ನೊಂದು ಪಕ್ಷಕ್ಕೆ ಆ ಪ್ರಶ್ನೆ ಕೇಳೋದೇ ಕಟುಕತನ. 'ನಿಮ್ಮ ಮಗುವಿಗೆ ಹೀಗಾಗಿದ್ದರೆ ಬಿಲ್ ನೋಡ್ತಿದ್ರಾ?' ಅಂತ ತಿರುಗಿ ಬೀಳುತ್ತಾರೆ. ಅಷ್ಟರಲ್ಲಿ ಮೀಟಿಂಗ್ ಟೈಮ್ ಆಗುತ್ತೆ, ಎಲ್ಲರೂ ಎದ್ದು ಹೋಗುತ್ತಾರೆ.

ಇಬ್ಬರೂ ಜಗಳ ಆಡ್ತಿರೋದು ತಪ್ಪು ಪ್ರಶ್ನೆಯ ಮೇಲೆ ಅಂತ ನನಗನ್ನಿಸುತ್ತೆ. ದುಡ್ಡಿನ ಪ್ರಶ್ನೆ ಇದ್ದೇ ಇದೆ, ಅದಕ್ಕೆ ಆಮೇಲೆ ಬರೋಣ. ಅದಕ್ಕೂ ಮುಂಚೆ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಆಪರೇಷನ್ನಿನ ನೋವು ಯಾರದು? ಅದರಿಂದ ಸಿಗುವ ಸಮಾಧಾನ ಯಾರದು? ನನ್ನ ಮಂಡಿ ಆಪರೇಷನ್ ಆದರೆ ನೋವೂ ನಂದೇ, ಆಮೇಲಿನ ನಡಿಗೆಯೂ ನಂದೇ. ನಾಯಿಯ ವಿಷಯದಲ್ಲಿ ಇವೆರಡೂ ಬೇರೆ ಬೇರೆ ಕಡೆ ಹೋಗಿಬಿಡಬಹುದು. ನೋವು ಅದಕ್ಕೆ, ಸಮಾಧಾನ ನಮಗೆ. ಅಪಾಯ ಇರೋದು ಅಲ್ಲಿ.

ಸುಮ್ಮನೆ ಗಾಳಿಯಲ್ಲಿ ಮಾತಾಡೋದು ಬೇಡ, ಒಂದು ಕಾಯಿಲೆ ತಗೊಂಡು ನೋಡೋಣ. ಜನ ಇದನ್ನು ಕರೆಯೋದು ವಾಬ್ಲರ್ ಸಿಂಡ್ರೋಮ್ ಅಂತ. ಡಾಕ್ಟರುಗಳ ಭಾಷೆಯಲ್ಲಿ ಸರ್ವೈಕಲ್ ಸ್ಪಾಂಡಿಲೋಮೈಲೋಪತಿ. ನಮ್ಮ ಮಾತಲ್ಲಿ ತೂರಾಡುವ ಕಾಯಿಲೆ ಅನ್ನಬಹುದು. ಬರೋದು ಹೆಚ್ಚಾಗಿ ದೊಡ್ಡ ತಳಿಯ ನಾಯಿಗಳಿಗೆ, ಅದರಲ್ಲೂ ಡೋಬರ್‌ಮನ್ ಮತ್ತು ಗ್ರೇಟ್ ಡೇನ್‌ಗಳಿಗೆ. ಕುತ್ತಿಗೆಯ ಮೂಳೆಗಳ ಒಳಗಿನ ಕೊಳವೆಯಲ್ಲಿ ಬೆನ್ನುಹುರಿ ಹಾದುಹೋಗುತ್ತದಲ್ಲ, ಆ ಕೊಳವೆ ಇಕ್ಕಟ್ಟಾಗಿ ಹುರಿ ಅಮುಕಿಕೊಳ್ಳುತ್ತದೆ. ಗ್ರೇಟ್ ಡೇನ್‌ಗಳಲ್ಲಿ ಎಳೆಯ ವಯಸ್ಸಿನಲ್ಲೇ ಮೂಳೆ ಅತಿಯಾಗಿ ಬೆಳೆದು ಒತ್ತುತ್ತದೆ. ಡೋಬರ್‌ಮನ್‌ಗಳಲ್ಲಿ ಸಾಮಾನ್ಯವಾಗಿ ಆರೇಳು ವರ್ಷದ ಹೊತ್ತಿಗೆ ಕುತ್ತಿಗೆಯ ಕೆಳಭಾಗದಲ್ಲಿ, ಐದು-ಆರನೇ ಅಥವಾ ಆರು-ಏಳನೇ ಮೂಳೆಗಳ ನಡುವಿನ ಡಿಸ್ಕ್ ಉಬ್ಬಿ ಹುರಿಯನ್ನು ಒತ್ತುತ್ತದೆ.

ಶುರುವಾಗೋದು ಹಿಂಗಾಲಲ್ಲಿ. ಹಿಂಗಾಲಿಗೆ ಹೋಗುವ ನರದ ಎಳೆಗಳು ಹುರಿಯ ಹೊರಭಾಗದಲ್ಲಿ ಇರೋದರಿಂದ ಒತ್ತಡ ಮೊದಲು ತಟ್ಟೋದು ಅವಕ್ಕೆ. ಅಪಾರ್ಟ್‌ಮೆಂಟಿನ ನುಣುಪು ಟೈಲ್ಸ್ ಮೇಲೆ ಕಾಲು ಜಾರುತ್ತದೆ, ಮನೆಯವರು ನೆಲದ ತಪ್ಪು ಅಂದ್ಕೊಳ್ತಾರೆ. ಉಗುರು ನೆಲಕ್ಕೆ ಕೆರೆದು ಸವೆಯುತ್ತದೆ. ತಿರುಗುವಾಗ ಹಿಂಭಾಗ ಕುಡಿದವರ ಹಾಗೆ ಓಲಾಡುತ್ತದೆ. ಮುಂಗಾಲು ಮಾತ್ರ ಬಿಗಿಯಾಗಿ ಗಿಡ್ಡ ಗಿಡ್ಡ ಹೆಜ್ಜೆ ಹಾಕುತ್ತಿರುತ್ತದೆ. ನೋಡಿದರೆ ಎರಡು ಬೇರೆ ನಾಯಿಗಳನ್ನು ಮಧ್ಯದಲ್ಲಿ ಜೋಡಿಸಿದ ಹಾಗಿರುತ್ತೆ. ಕುತ್ತಿಗೆ ನೋಯುವುದರಿಂದ ತಲೆ ತಗ್ಗಿಸಿಕೊಂಡೇ ಇರುತ್ತದೆ. ನಾವು 'ಪಾಪ, ವಯಸ್ಸಾಯ್ತು' ಅಂದ್ಕೋತೀವಿ.

ಎಕ್ಸ್‌ರೇಯಲ್ಲಿ ಹುರಿ ಕಾಣಿಸಲ್ಲ, ಎಂಆರ್‌ಐ ಬೇಕು. ನಾಯಿ ಮಿಸುಕಾಡದೆ ಮಲಗಬೇಕಲ್ಲ, ಅದಕ್ಕೇ ಅರಿವಳಿಕೆ ಕೊಡಬೇಕು. ಬೆಂಗಳೂರಿನಂಥ ಊರುಗಳಲ್ಲಿ ಈಗ ನಾಯಿಗೂ ಎಂಆರ್‌ಐ ಮಾಡುತ್ತಾರೆ. ಆದರೆ ಚಿತ್ರದಲ್ಲಿ ಕಂಡದ್ದೆಲ್ಲಾ ಕಾಯಿಲೆಯಲ್ಲ. ಯಾವ ಲಕ್ಷಣವೂ ಇಲ್ಲದೆ ಆರಾಮಾಗಿ ಓಡಾಡಿಕೊಂಡಿದ್ದ ಡೋಬರ್‌ಮನ್‌ಗಳಲ್ಲೂ ಹುರಿಯ ಮೇಲೆ ಒತ್ತಡ ಕಂಡದ್ದಿದೆ. ಒಳ್ಳೆಯ ಡಾಕ್ಟರು ಚಿತ್ರವನ್ನೂ ನೋಡುತ್ತಾರೆ, ನಾಯಿ ನಡೆಯೋದನ್ನೂ ನೋಡುತ್ತಾರೆ.

ಆಮೇಲೆ ಎರಡು ದಾರಿ. ಒಂದು, ಔಷಧಿಯದು. ಉರಿಯೂತ ತಗ್ಗಿಸುವ ಮಾತ್ರೆ, ನೋವಿನ ಮಾತ್ರೆ, ಓಡಾಟ ಕಡಿಮೆ, ಕತ್ತಿನ ಪಟ್ಟಿ ಬಿಚ್ಚಿ ಎದೆಗೆ ಹಾಕುವ ಹಾರ್ನೆಸ್, ಊಟದ ಬಟ್ಟಲು ಸ್ವಲ್ಪ ಎತ್ತರದಲ್ಲಿ, ಮನೆಯೆಲ್ಲಾ ಕಾಲು ಜಾರದ ಮ್ಯಾಟು. ಇನ್ನೊಂದು, ಆಪರೇಷನ್. ಗಂಟಲ ಕಡೆಯಿಂದ ಹೋಗಿ ಮೂಳೆಯಲ್ಲಿ ಕಿಂಡಿ ಕೊರೆದು ಒಳಗಿನ ಡಿಸ್ಕ್ ತೆಗೆಯಬಹುದು. ಎರಡು ಮೂಳೆಗಳನ್ನು ಸ್ವಲ್ಪ ಹಿಗ್ಗಿಸಿ ಪ್ಲೇಟು, ಸ್ಕ್ರೂ, ಮೂಳೆ ಸಿಮೆಂಟು ಹಾಕಿ ಬಿಗಿ ಮಾಡಬಹುದು. ಕತ್ತಿನ ಮೇಲ್ಗಡೆಯಿಂದ ಮೂಳೆಯ ಛಾವಣಿ ತೆಗೆದು ಹುರಿಗೆ ಜಾಗ ಮಾಡಿಕೊಡಬಹುದು. ಕೃತಕ ಡಿಸ್ಕನ್ನೂ ಕೂರಿಸಿ ನೋಡಿದ್ದಾರೆ. ಇಂಥ ವಿಧಾನಗಳೇ ಇಪ್ಪತ್ತಕ್ಕೂ ಹೆಚ್ಚು ಇವೆ. ಒಂದು ಕಾಯಿಲೆಗೆ ಇಪ್ಪತ್ತು ಬಗೆಯ ಆಪರೇಷನ್ ಇದೆ ಅಂದರೆ ಏನರ್ಥ? ಎಲ್ಲಕ್ಕೂ ಸಲ್ಲುವ ಒಂದು ಆಪರೇಷನ್ ಇನ್ನೂ ಸಿಕ್ಕಿಲ್ಲ ಅಂತ.

ಈಗ ನನ್ನ ತಲೆ ಕೆಡಿಸಿದ ಲೆಕ್ಕಕ್ಕೆ ಬರ್ತೀನಿ. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ಕಾಯಿಲೆ ಬಂದಿದ್ದ 104 ನಾಯಿಗಳ ಹಳೆಯ ದಾಖಲೆ ತೆಗೆದು ನೋಡಿತು. ಆಪರೇಷನ್ ಆದವುಗಳಲ್ಲಿ ಹೆಚ್ಚುಕಡಿಮೆ ಶೇ. 80ರಷ್ಟು ಸುಧಾರಿಸಿದ್ದವು. ಔಷಧಿಯಲ್ಲೇ ಇದ್ದವುಗಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚು. ಇಷ್ಟು ಕೇಳಿದರೆ ಆಪರೇಷನ್ನೇ ಸರಿ ಅನ್ನಿಸುತ್ತೆ, ಅಲ್ವಾ? ಆದರೆ ಇನ್ನೊಂದು ಸಾಲಿದೆ. ಆಮೇಲೆ ಎಷ್ಟು ದಿನ ಬದುಕಿದವು ಅಂತ ನೋಡಿದರೆ ಎರಡೂ ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಎರಡರಲ್ಲೂ ಸುಮಾರು ಮೂರು ವರ್ಷ.

ಈ ಲೆಕ್ಕವನ್ನು ಹುಷಾರಾಗಿ ಓದಬೇಕು. ಯಾವ ನಾಯಿಗೆ ಆಪರೇಷನ್, ಯಾವುದಕ್ಕೆ ಮಾತ್ರೆ ಅಂತ ಚೀಟಿ ಎತ್ತಿ ನಿರ್ಧರಿಸಿದ್ದಲ್ಲ. ಆಯಾ ಡಾಕ್ಟರು, ಆಯಾ ಮನೆಯವರು ಪರಿಸ್ಥಿತಿ ನೋಡಿ ತಗೊಂಡ ತೀರ್ಮಾನ. ಹಾಗಾಗಿ ಆಪರೇಷನ್ ವ್ಯರ್ಥ ಅಂತ ಇದರಿಂದ ಹೇಳೋಕಾಗಲ್ಲ. ಆದರೆ ಒಂದು ಮಾತು ಹೇಳಬಹುದು. ನಾವು ಕೊಳ್ಳುತ್ತಿರುವುದು ವರ್ಷಗಳನ್ನಲ್ಲ. 'ಜೀವ ಉಳಿಸಿದ್ವಿ' ಅನ್ನೋ ಮಾತು ಇಲ್ಲಿ ಅಷ್ಟಾಗಿ ಹೊಂದಲ್ಲ. ಕೊಳ್ಳುತ್ತಿರುವುದು ನಡಿಗೆಯನ್ನು, ನೋವಿಲ್ಲದ ನಿದ್ದೆಯನ್ನು, ಬೀದಿಯ ಮೂಲೆಯವರೆಗೆ ಹೋಗಿ ಕಂಬ ಮೂಸಿ ಬರುವ ಬೆಳಗನ್ನು. ಅದು ಕಡಿಮೆಯದೇನಲ್ಲ. ಆದರೆ ಕೊಳ್ಳೋದು ಏನು ಅಂತ ಗೊತ್ತಿದ್ದರೆ ಕೊಡೋ ಬೆಲೆಯನ್ನು ಸರಿಯಾಗಿ ತೂಗಬಹುದು.

ಬೆಲೆ ಅಂದಾಗ ನಾನು ಹೇಳ್ತಿರೋದು ನಾಯಿ ಕೊಡುವ ಬೆಲೆ. ಆಪರೇಷನ್ ಆದ ತಕ್ಷಣ ಕೆಲವು ನಾಯಿಗಳು ಮೊದಲಿಗಿಂತ ಕೆಟ್ಟದಾಗಿ ನಡೆಯುತ್ತವೆ. ಕೆಲವು ದಿನಗಟ್ಟಲೆ ಏಳೋದೇ ಇಲ್ಲ. ನಲವತ್ತು ಕಿಲೋದ ಪ್ರಾಣಿಯನ್ನು ಕೆಲವು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕು, ಇಲ್ಲದಿದ್ದರೆ ಹುಣ್ಣಾಗುತ್ತದೆ. ಕೆಲವಕ್ಕೆ ಹೊಟ್ಟೆ ಒತ್ತಿ ಮೂತ್ರ ಮಾಡಿಸಬೇಕು. ಹೊಟ್ಟೆಯ ಕೆಳಗೆ ಟವೆಲ್ ಹಾಕಿ ಎತ್ತಿ ಹಿಡಿದು ನಾಲ್ಕು ಹೆಜ್ಜೆ ನಡೆಸಬೇಕು. ವಾರಗಟ್ಟಲೆ ಕಟ್ಟಿನ ಜೀವನ. ಅದರ ಮೇಲೆ ಇನ್ನೊಂದು ತಾಪತ್ರಯ ಇದೆ. ಒಂದು ಕಡೆ ಮೂಳೆ ಬಿಗಿ ಮಾಡಿದರೆ ಪಕ್ಕದ ಸಂದಿಗೆ ಭಾರ ಜಾಸ್ತಿ. ಸುಮಾರು ಐದರಲ್ಲಿ ಒಂದು ನಾಯಿಗೆ ಎರಡು ಮೂರು ವರ್ಷದಲ್ಲಿ ಪಕ್ಕದಲ್ಲೇ ಅದೇ ತೊಂದರೆ ಮತ್ತೆ ಕಾಣಿಸಿಕೊಳ್ಳುತ್ತದೆ.

ಇಲ್ಲಿ ನನಗೆ ಮಹಾಭಾರತ ನೆನಪಾಗುತ್ತದೆ. ಕೊನೆಯಲ್ಲಿ ಧರ್ಮರಾಯನ ಜೊತೆ ಸ್ವರ್ಗದ ಬಾಗಿಲತನಕ ಹೋದ ನಾಯಿ ಎಲ್ಲರಿಗೂ ಗೊತ್ತು, ನಾಯಿ ಸಾಕಿದವರ ವಾಟ್ಸ್ಯಾಪ್ ಗುಂಪುಗಳಲ್ಲಿ ಅದರ ಕಥೆ ತಿಂಗಳಿಗೊಮ್ಮೆ ಬರುತ್ತದೆ. ಆದರೆ ಶುರುವಿನಲ್ಲೂ ಒಂದು ನಾಯಿ ಇದೆ. ಆದಿಪರ್ವದಲ್ಲಿ ಜನಮೇಜಯ ಕುರುಕ್ಷೇತ್ರದಲ್ಲಿ ದೀರ್ಘ ಯಾಗಕ್ಕೆ ಕೂತಿರುತ್ತಾನೆ. ಒಂದು ನಾಯಿಮರಿ ಅಲ್ಲಿಗೆ ಬರುತ್ತದೆ. ಜನಮೇಜಯನ ತಮ್ಮಂದಿರು ಅದನ್ನು ಹೊಡೆದು ಓಡಿಸುತ್ತಾರೆ. ಮರಿ ಅಳುತ್ತಾ ತಾಯಿ ಸರಮೆಯ ಹತ್ತಿರ ಹೋಗುತ್ತದೆ. ಹವಿಸ್ಸನ್ನು ನಾನು ನೆಕ್ಕಲಿಲ್ಲ, ಅದರ ಕಡೆ ನೋಡಲೂ ಇಲ್ಲ ಅನ್ನುತ್ತದೆ. ಸರಮೆ ನೇರವಾಗಿ ಯಾಗಶಾಲೆಗೇ ಬಂದು ಕೇಳುತ್ತಾಳೆ: ಇವನು ಏನೂ ತಪ್ಪು ಮಾಡಿಲ್ಲ, ಮತ್ತೆ ಯಾಕೆ ಹೊಡೆದಿರಿ? ಯಾರೂ ಉತ್ತರ ಕೊಡಲಿಲ್ಲ. ಆಗ ಅವಳು ಶಾಪ ಕೊಡುತ್ತಾಳೆ.

ನನಗೆ ಇದರಲ್ಲಿ ಮುಖ್ಯ ಅನ್ನಿಸೋದು ಶಾಪ ಅಲ್ಲ, ಪ್ರಶ್ನೆ. ಆಪರೇಷನ್ ಟೇಬಲ್ಲಿನಿಂದ ಎದ್ದ ನಾಯಿಯ ಕಡೆಯಿಂದ ನೋಡಿದರೆ ಆಗಿರೋದು ಏನು? ನಂಬಿದವರು ಕಾರಿನಲ್ಲಿ ಕೂರಿಸಿಕೊಂಡು ಎಲ್ಲಿಗೋ ಕರೆದುಕೊಂಡು ಹೋದರು. ಯಾರೋ ಹಿಡಿದುಕೊಂಡರು. ಎಚ್ಚರ ಆದಾಗ ಕತ್ತು ಸೀಳಿತ್ತು, ಕಾಲು ಬರುತ್ತಿರಲಿಲ್ಲ. ಏನೂ ತಪ್ಪು ಮಾಡಿರಲಿಲ್ಲ. ಸರಮೆ ಬಂದು ಕೇಳಿದರೆ ನಮ್ಮ ಹತ್ತಿರ ಉತ್ತರ ಇರಬೇಕು. ಉತ್ತರ ಇರಲು ಸಾಧ್ಯ, ಅದು ನನ್ನ ನಂಬಿಕೆ. ಆದರೆ 'ನಮಗೆ ಅವನಂದ್ರೆ ತುಂಬಾ ಪ್ರೀತಿ' ಅನ್ನೋದು ಆ ಪ್ರಶ್ನೆಗೆ ಉತ್ತರ ಅಲ್ಲ. ಅವಳು ಕೇಳಿದ್ದು ನಮ್ಮ ಬಗ್ಗೆ ಅಲ್ಲವಲ್ಲ.

ಮನುಷ್ಯನ ನೋವಿಗೂ ನಾಯಿಯ ನೋವಿಗೂ ಇರುವ ದೊಡ್ಡ ವ್ಯತ್ಯಾಸ ಇದು: ಮನುಷ್ಯನಿಗೆ ವಿವರಿಸಬಹುದು. 'ಮೂರು ತಿಂಗಳು ತಡ್ಕೊಳಿ, ಆಮೇಲೆ ನಡೀತೀರಿ' ಅಂದರೆ ನಮ್ಮ ಅಜ್ಜಿ ಹಲ್ಲು ಕಚ್ಚಿ ತಡ್ಕೋತಾಳೆ. ಆ ನೋವಿಗೆ ಒಂದು ಕಡೆ, ಒಂದು ಕೊನೆ ಇದೆ ಅಂತ ಗೊತ್ತಿರುತ್ತದೆ. ಇಎಂಐ ಕಟ್ಟುವ ಹಾಗೆ ನಾವು ನೋವು ಕಟ್ಟುತ್ತೇವೆ, ಮನೆ ನಮ್ಮದಾಗುತ್ತದೆ ಅಂತ. ನಾಯಿಗೆ ಇಎಂಐ ಇಲ್ಲ. ಅದಕ್ಕೆ ಈವತ್ತಿನ ನೋವು ಅಂದರೆ ಈವತ್ತಿನ ನೋವು, ಅಷ್ಟೇ. ಅದರ ಮುಂದೆ ಏನೋ ಕಾದಿದೆ ಅನ್ನೋ ಸಮಾಧಾನವನ್ನು ಅದಕ್ಕೆ ಯಾರೂ ಕೊಡೋಕಾಗಲ್ಲ.

ಇದನ್ನು ಅರ್ಧಕ್ಕೇ ನಿಲ್ಲಿಸಿದರೆ ನಾಯಿಗೆ ಆಪರೇಷನ್ನೇ ಮಾಡಿಸಬಾರದು ಅನ್ನೋ ತೀರ್ಮಾನಕ್ಕೆ ಬಂದುಬಿಡುತ್ತೇವೆ. ಅದು ಸರಿಯಲ್ಲ, ಯಾಕೆಂದರೆ ಇದೇ ಗುಣ ಇನ್ನೊಂದು ಕಡೆಯಿಂದ ನಾಯಿಯ ಪರವಾಗಿಯೂ ಇದೆ. ಮುಂದೇನೋ ಅನ್ನೋ ಭಯ ಅದಕ್ಕೆ ನಮ್ಮ ಹಾಗೆ ಇಲ್ಲ. ಹಿಂದಿನ ರಾತ್ರಿ ನಿದ್ದೆಗೆಡಲ್ಲ. ಬೇರೆಯವರು ಎತ್ತಿ ಉಚ್ಚೆ ಮಾಡಿಸುತ್ತಾರಲ್ಲ ಅಂತ ಅವಮಾನ ಪಡೋದಿಲ್ಲ. ಮೂರು ಕಾಲಿನ ನಾಯಿ 'ನನಗಿನ್ನು ಏನಿದೆ' ಅಂತ ಕೂರಲ್ಲ, ಚೆಂಡಿನ ಹಿಂದೆ ಓಡುತ್ತದೆ. ನೋವು ನಿಂತ ದಿನ ಪೂರ್ತಿ ನಿಂತ ಹಾಗೇ. ಆದ್ದರಿಂದ ಲೆಕ್ಕ ಇಷ್ಟು: ನಾವು ಹೊರಿಸುವ ನೋವು ನಾಯಿಯ ಅನುಭವದ ಒಳಗೇ, ನಾಯಿಯ ದಿನಗಳಲ್ಲೇ ವಾಪಸ್ ಬರಬೇಕು. ನಮ್ಮ ಫೋಟೋ ಆಲ್ಬಮ್ಮಿನಲ್ಲಿ ಅಲ್ಲ, 'ಹೋರಾಡಿದ' ಅನ್ನೋ ಸ್ಟೇಟಸ್ಸಿನಲ್ಲಿ ಅಲ್ಲ. ನಾಯಿ ಹೋರಾಡಲಿಲ್ಲ ಸ್ವಾಮಿ, ಅದನ್ನು ಯಾರೂ ಕೇಳಲಿಲ್ಲ. ಅದು ಸಹಿಸಿಕೊಂಡಿತು.

ಇಬ್ಬರು ನಾಯಿಗಳನ್ನು ಊಹಿಸಿಕೊಳ್ಳಿ. ನಾಯಿಗೆ 'ಇಬ್ಬರು' ಅಂದಿದ್ದಕ್ಕೆ ವ್ಯಾಕರಣದ ಮೇಷ್ಟ್ರು ಕ್ಷಮಿಸಲಿ. ಒಬ್ಬ, ಐದು ವರ್ಷದ ಡೋಬರ್‌ಮನ್. ಒಂದೇ ಕಡೆ ಡಿಸ್ಕ್ ಒತ್ತಿದೆ. ಮಾತ್ರೆ ಕೊಟ್ಟು ತಿಂಗಳಾದರೂ ಕತ್ತಿನ ನೋವು ಹೋಗಿಲ್ಲ, ಕಾಲು ದಿನದಿನಕ್ಕೆ ಸೋಲುತ್ತಿದೆ. ಹೃದಯ ಚೆನ್ನಾಗಿದೆ. ಮನೆಯಲ್ಲಿ ಯಾವಾಗಲೂ ಒಬ್ಬರು ಇರುತ್ತಾರೆ. ಇವನಿಗೆ ಎರಡು ತಿಂಗಳ ಕಷ್ಟ ಕೊಟ್ಟು ಮೂರು ವರ್ಷದ ನಡಿಗೆ ಕೊಡುವ ಸಾಧ್ಯತೆ ಇದೆ. ಸರಮೆಗೆ ಉತ್ತರ ಹೇಳಬಹುದು. ಇನ್ನೊಬ್ಬ, ಒಂಬತ್ತು ವರ್ಷದವನು. ಎರಡು ಮೂರು ಕಡೆ ಒತ್ತಡ. ತೂರಾಡ್ತಾನೆ, ಆದರೆ ಮಾತ್ರೆಯಲ್ಲಿ ನೋವು ಹತೋಟಿಯಲ್ಲಿದೆ, ಮ್ಯಾಟ್ ಮೇಲೆ ನಡೆದು ಬಾಲ್ಕನಿಗೆ ಹೋಗಿ ಬಿಸಿಲು ಕಾಯುತ್ತಾನೆ. ಹೃದಯದ ಸ್ಕ್ಯಾನ್ ಅಷ್ಟು ಚೆನ್ನಾಗಿಲ್ಲ. ಇವನಿಗೂ 'ಎಲ್ಲಾ ಮಾಡಿಬಿಡೋಣ' ಅಂದರೆ, ಅದು ಯಾರಿಗೋಸ್ಕರ?

ಹೃದಯದ ಮಾತು ಸುಮ್ಮನೆ ಸೇರಿಸಿದ್ದಲ್ಲ. ಡೋಬರ್‌ಮನ್‌ಗಳಲ್ಲಿ ಹೃದಯದ ಸ್ನಾಯು ಸಡಿಲವಾಗುವ ಕಾಯಿಲೆ ಎಷ್ಟು ವ್ಯಾಪಕ ಅಂದರೆ, ಯುರೋಪಿನಲ್ಲಿ ನಡೆದ ಅಧ್ಯಯನವೊಂದರ ಪ್ರಕಾರ ಅರ್ಧಕ್ಕಿಂತ ಹೆಚ್ಚು ನಾಯಿಗಳಿಗೆ ಬದುಕಿನ ಒಂದಲ್ಲ ಒಂದು ಹಂತದಲ್ಲಿ ಅದು ಬರುತ್ತದೆ. ರಕ್ತ ಸರಿಯಾಗಿ ಹೆಪ್ಪುಗಟ್ಟದ ವಾನ್ ವಿಲ್ಲೆಬ್ರಾಂಡ್ ಕಾಯಿಲೆಯೂ ಈ ತಳಿಯಲ್ಲಿ ಹೆಚ್ಚು. ಕತ್ತಿಗೆ ಕತ್ತರಿ ಹಾಕುವ ಮುಂಚೆ ಇವೆರಡನ್ನೂ ನೋಡಬೇಕು. ಕತ್ತು ಸರಿ ಮಾಡಿಸಿಕೊಂಡು ಆರು ತಿಂಗಳಿಗೆ ಹೃದಯ ನಿಂತು ಹೋದರೆ, ಆ ನಾಯಿ ಕೊನೆಯ ಆರು ತಿಂಗಳಲ್ಲಿ ಎರಡನ್ನು ಕಟ್ಟಿನಲ್ಲಿ ಕಳೆದ ಹಾಗಾಯಿತು.

'ನಮ್ಮ ಕೈಲಾದ್ದೆಲ್ಲಾ ಮಾಡಿದ್ವಿ.' ಆಸ್ಪತ್ರೆಯ ಹೊರಗೆ ನಾವೆಲ್ಲಾ ಹೇಳುವ ಮಾತು ಇದು. ಹೇಳಿಕೊಳ್ಳೋಕೆ ತುಂಬಾ ಸಮಾಧಾನ. ಆದರೆ ಗಮನಿಸಿ, ಆ ವಾಕ್ಯದ ಕರ್ತೃ ನಾವು. ಎಲ್ಲಾ ಮಾಡೋದು ಒಂದು ಸದ್ಗುಣ ಅಂತ ನಮ್ಮ ತಲೆಮಾರಿಗೆ ಬೇರೆ ಕಡೆಯಿಂದ ಬಂದಿದೆ, ಕೆಲಸದಿಂದ. ಟಾರ್ಗೆಟ್ ಮುಟ್ಟದಿದ್ದರೂ ಪ್ರಯತ್ನದಲ್ಲಿ ಕೊರತೆ ಇರಬಾರದು ಅಂತ. ಆ ಅಭ್ಯಾಸವನ್ನು ಮನೆಯ ನಾಯಿಯ ಮೈಮೇಲೆ ತಂದರೆ ನಮ್ಮ ಪ್ರಯತ್ನದ ರುಜುವಾತು ಅದರ ಕತ್ತಿನ ಮೇಲೆ ಹೊಲಿಗೆಯಾಗಿ ಉಳಿಯುತ್ತದೆ. ಇನ್ನೂ ಏನೋ ಮಾಡಬಹುದಿತ್ತು ಅಂತ ಗೊತ್ತಿದ್ದೂ ಮಾಡದೆ ಬಿಡೋದಕ್ಕೆ ಕೆಲವೊಮ್ಮೆ ಹೆಚ್ಚು ಧೈರ್ಯ ಬೇಕು. ಯಾಕೆಂದರೆ ಆ ಸಂಶಯವನ್ನು ಆಮೇಲೆ ನಾವೇ ಹೊತ್ತುಕೊಂಡಿರಬೇಕಾಗುತ್ತದೆ. ಆದರೆ ಅದು ನ್ಯಾಯ. ಹೊರುವ ಶಕ್ತಿ, ಅರ್ಥ ಮಾಡಿಕೊಳ್ಳುವ ಶಕ್ತಿ ಎರಡೂ ನಮಗಿದೆ. ನಾಯಿಗಿಲ್ಲ.

ಈಗ ದುಡ್ಡು. ಪೀಟರ್ ಸಿಂಗರ್ 1972ರಲ್ಲಿ ಬರೆದ ಪ್ರಸಿದ್ಧ ಲೇಖನವೊಂದಿದೆ. ಕೊಳದಲ್ಲಿ ಮುಳುಗುತ್ತಿರುವ ಮಗುವನ್ನು ಬಟ್ಟೆ ಕೊಳೆಯಾಗುತ್ತೆ ಅಂತ ಬಿಡೋಕಾಗುತ್ತಾ, ಹಾಗಿದ್ದ ಮೇಲೆ ದೂರದ ದೇಶದಲ್ಲಿ ಹಸಿವಿನಿಂದ ಸಾಯುವವರನ್ನು ಹೇಗೆ ಬಿಡ್ತೀರಿ ಅನ್ನೋದು ಅದರ ವಾದ. ಅದೇ ವಾದವನ್ನು ಇಲ್ಲಿಗೆ ತಂದರೆ, ಒಂದು ಡೋಬರ್‌ಮನ್‌ನ ಕತ್ತಿಗೆ ಹಾಕೋ ದುಡ್ಡಲ್ಲಿ ಎಷ್ಟು ಬೀದಿನಾಯಿಗಳಿಗೆ ರೇಬೀಸ್ ಲಸಿಕೆ ಹಾಕಿಸಬಹುದು, ಎಷ್ಟು ಮಕ್ಕಳ ಫೀಸು ಕಟ್ಟಬಹುದು? ವಾದದಲ್ಲಿ ತಪ್ಪಿಲ್ಲ. ಆದರೆ ಥಾಯ್ಲೆಂಡ್ ಟ್ರಿಪ್ಪಿಗೆ, ಹೊಸ ಬೈಕಿಗೆ, ಮದುವೆಯ ಡ್ರೋನ್ ಫೋಟೋಗೆ ಈ ಪ್ರಶ್ನೆ ಬರಲ್ಲ, ನಾಯಿಯ ಬಿಲ್ಲಿಗೆ ಮಾತ್ರ ಬರುತ್ತೆ. ನಮ್ಮ ಎಲ್ಲಾ ಖರ್ಚಿಗೂ ಈ ತಕ್ಕಡಿ ಹಿಡಿಯೋದಾದರೆ ನಾಯಿಯ ಖರ್ಚೂ ಅದರ ಮೇಲೆ ಕೂರಲಿ. ಮಿಕ್ಕಿದ್ದನ್ನೆಲ್ಲಾ ಬಿಟ್ಟು ಅದೊಂದನ್ನೇ ಕೂರಿಸೋದು ನ್ಯಾಯ ಅಲ್ಲ.

ಇದರ ಇನ್ನೊಂದು ಮಗ್ಗುಲನ್ನೂ ಹೇಳಲೇಬೇಕು. ದುಡ್ಡಿಲ್ಲ ಅನ್ನೋದು ನಾಚಿಕೆಯ ಕಾರಣ ಅಲ್ಲ. ಅಪ್ಪನ ಸ್ಟೆಂಟು, ತಂಗಿಯ ಕಾಲೇಜು, ಮನೆ ಸಾಲ ಇರುವ ಮನೆಯಲ್ಲಿ 'ನಮ್ಮಿಂದ ಆಗಲ್ಲ' ಅಂದರೆ ಅದು ಪ್ರೀತಿಯ ಕೊರತೆ ಅಲ್ಲ. ಡಾಕ್ಟರ ಎದುರು ಕೂತು 'ನಮ್ಮ ಮಿತಿ ಇಷ್ಟು, ಇದರೊಳಗೆ ಇವನ ನೋವು ಹೇಗೆ ಕಡಿಮೆ ಮಾಡೋದು ಹೇಳಿ' ಅಂತ ಕೇಳುವುದು ಸಾಲ ಮಾಡಿ ಆಪರೇಷನ್ ಮಾಡಿಸುವುದಕ್ಕಿಂತ ಕಡಿಮೆ ಜವಾಬ್ದಾರಿಯ ಕೆಲಸವೇನಲ್ಲ. ಮಾತ್ರೆಯ ದಾರಿಯಲ್ಲೂ ಅರ್ಧದಷ್ಟು ನಾಯಿಗಳು ಸುಧಾರಿಸುತ್ತವೆ ಅನ್ನೋದು ನೆನಪಿರಲಿ. ಹಣಕ್ಕಿಂತ ಕಷ್ಟದ್ದು ಬೇರೆ ಇದೆ: ರಾತ್ರಿ ಮೂರಕ್ಕೆ ಎದ್ದು ಮಗ್ಗುಲು ಬದಲಾಯಿಸೋರು ಯಾರು? ವಾರಕ್ಕೆ ಮೂರು ದಿನ ಆಫೀಸು, ರಿಂಗ್ ರೋಡಿನಲ್ಲಿ ದಿನಕ್ಕೆ ಮೂರು ಗಂಟೆ. ಆಪರೇಷನ್ ಮಾಡಿಸಿ, ನೋಡಿಕೊಳ್ಳಲು ಜನ ಇಲ್ಲದೆ, ನಾಯಿಯನ್ನು ಅದರ ಹೇಲು-ಉಚ್ಚೆಯಲ್ಲೇ ದಿನವಿಡೀ ಮಲಗಿಸುವುದು ಚಿಕಿತ್ಸೆ ಅಲ್ಲ. ಕಾರ್ಡ್ ಉಜ್ಜಿದರೆ ಆಪರೇಷನ್ ಸಿಗುತ್ತೆ, ಶುಶ್ರೂಷೆ ಸಿಗಲ್ಲ.

ಕೊನೆಯ ದಾರಿಯ ಬಗ್ಗೆಯೂ ಮಾತಾಡಬೇಕು, ಎಲ್ಲರೂ ಮಾತಾಡಲು ಹಿಂಜರಿಯುವ ದಾರಿ. ಮಾತ್ರೆಯೂ ಕೆಲಸ ಮಾಡಲಿಲ್ಲ, ಆಪರೇಷನ್ ಆಗುವ ಹಾಗಿಲ್ಲ ಅಥವಾ ಆಗಿಯೂ ಏಳಲಿಲ್ಲ. ಆಗ ದಯಾಮರಣ. 'ಕೊಲ್ಲೋಕೆ ನಾವ್ಯಾರು' ಅಂತ ನಮ್ಮ ಮನೆಗಳಲ್ಲಿ ಹಿರಿಯರು ಕೇಳುತ್ತಾರೆ. ಈ ಪ್ರಶ್ನೆಯನ್ನು ಗಾಂಧಿ ಎದುರಿಸಿದ್ದರು. 1928ರಲ್ಲಿ ಸಾಬರಮತಿ ಆಶ್ರಮದಲ್ಲಿ ಒಂದು ಕರು ವಾಸಿಯಾಗದ ಸ್ಥಿತಿಯಲ್ಲಿ ನರಳುತ್ತಿತ್ತು. ಡಾಕ್ಟರನ್ನು ಕರೆಸಿ ಇಂಜೆಕ್ಷನ್ ಕೊಡಿಸಿ ಅದರ ಜೀವ ತೆಗೆಸಿದರು. ಅಹಿಂಸೆಯ ಗಾಂಧಿ ಕರುವನ್ನು ಕೊಲ್ಲಿಸಿದರು ಅಂತ ದೇಶದಲ್ಲಿ ದೊಡ್ಡ ಗಲಾಟೆ, ರಾಶಿ ರಾಶಿ ಸಿಟ್ಟಿನ ಪತ್ರ. ಅವರು ಹಿಂದೆ ಸರಿಯಲಿಲ್ಲ, ತಮ್ಮ ಪತ್ರಿಕೆಯಲ್ಲಿ ಬರೆದರು. ಶಸ್ತ್ರವೈದ್ಯ ಚಾಕು ಹಿಡಿದರೆ ಅದು ಹಿಂಸೆ ಅಲ್ಲ ಅನ್ನೋದಾದರೆ ಇದೂ ಅಲ್ಲ, ನೋಡಬೇಕಾದ್ದು ಕೈ ಹಿಡಿದ ಆಯುಧವನ್ನಲ್ಲ, ಯಾರ ಹಿತಕ್ಕೆ ಹಿಡಿದಿದೆ ಅನ್ನೋದನ್ನು ಅನ್ನುವುದು ಅವರ ವಾದದ ತಿರುಳು.

ಈ ವಾದ ಎರಡೂ ಕಡೆ ಕೊಯ್ಯುತ್ತದೆ. ಆಪರೇಷನ್ನಿನ ಚಾಕು, ದಯಾಮರಣದ ಸೂಜಿ ಎರಡಕ್ಕೂ ಒಂದೇ ಪರೀಕ್ಷೆ. ನನಗೆ ನೋಡೋಕಾಗ್ತಿಲ್ಲ ಅಂತ ಸೂಜಿ ಚುಚ್ಚಿಸಿದರೂ ತಪ್ಪು, ನನಗೆ ಬಿಟ್ಟುಕೊಡೋಕಾಗ್ತಿಲ್ಲ ಅಂತ ಚಾಕು ಹಾಕಿಸಿದರೂ ತಪ್ಪು. ನಮ್ಮ ದೇಶದ ಪ್ರಾಣಿಹಿಂಸೆ ತಡೆ ಕಾಯ್ದೆ 1960ರದ್ದು. ಅದರಲ್ಲೂ ಸಾಕಿದವರ ಮೇಲೆ ಪ್ರಾಣಿಗೆ ಅನಗತ್ಯ ನೋವಾಗದಂತೆ ನೋಡಿಕೊಳ್ಳುವ ಕರ್ತವ್ಯ ಇದೆ. ಬದುಕಿಸುವುದೇ ಕ್ರೌರ್ಯ ಆಗುವಷ್ಟು ನರಳುತ್ತಿರುವ ಪ್ರಾಣಿಯ ಜೀವ ತೆಗೆಯಲು ಅವಕಾಶವೂ ಇದೆ. ಕಾಯ್ದೆ ಹೇಳುವ 'ಅನಗತ್ಯ' ಅನ್ನೋ ಆ ಒಂದು ಪದದಲ್ಲೇ ನಮ್ಮ ಇಡೀ ತಕರಾರು ಇದೆ. ಯಾರಿಗೆ ಅಗತ್ಯ?

ಹಾಗಾಗಿ ಅರಿವಳಿಕೆ ಕೊಡುವ ಮುಂಚೆ, ಮನಸ್ಸು ಇನ್ನೂ ಸ್ವಲ್ಪ ತಣ್ಣಗಿರುವಾಗ, ಮನೆಯವರು ಒಂದು ಹಾಳೆಯಲ್ಲಿ ಬರೆದಿಡೋದು ಒಳ್ಳೆಯದು: ಎಲ್ಲಿಗೆ ನಿಲ್ಲಿಸುತ್ತೇವೆ? ಇಷ್ಟು ವಾರಕ್ಕೆ ತಾನಾಗಿ ಏಳದಿದ್ದರೆ, ಊಟ ಬಿಟ್ಟರೆ, ನೋವು ಹತೋಟಿಗೆ ಬರದಿದ್ದರೆ, ಎರಡನೇ ಆಪರೇಷನ್ ಅಂದರೆ, ಏನು ಮಾಡ್ತೀವಿ? ಆಸ್ಪತ್ರೆಯ ಬೆಂಚಿನಲ್ಲಿ ರಾತ್ರಿ ಹನ್ನೊಂದಕ್ಕೆ ತಗೊಳ್ಳುವ ತೀರ್ಮಾನದಲ್ಲಿ ನಮ್ಮ ಭಯ ಮಾತಾಡುತ್ತೆ. ಹಾಳೆಯಲ್ಲಿ ಬರೆದದ್ದು ನಾಯಿಯ ಪರವಾಗಿ ಮಾತಾಡಬಹುದು. ಅದರ ವಕೀಲರು ನಾವೇ, ಎದುರು ಪಕ್ಷವೂ ಎಷ್ಟೋ ಸಲ ನಾವೇ.

ಇಷ್ಟಾದರೂ ಒಂದು ಮಾತು ಉಳಿಯುತ್ತದೆ. ಕನ್ನಡದಲ್ಲಿ ಋಣ ಅನ್ನೋ ಪದ ಇದೆ. ನಾಯಿ ಸತ್ತಾಗ 'ಅದರ ಋಣ ಇಷ್ಟೇ ಇತ್ತು' ಅಂತೀವಿ. ಅನ್ನ ಹಾಕಿದ ಋಣಕ್ಕೆ ಮನೆ ಕಾಯಿತು ಅಂತೀವಿ. ಎಲ್ಲಾ ಕಡೆ ಸಾಲಗಾರ ನಾಯಿ, ಕೊಟ್ಟವರು ನಾವು. ಡೋಬರ್‌ಮನ್ ವಿಷಯದಲ್ಲಿ ಈ ಲೆಕ್ಕ ಉಲ್ಟಾ. ಈ ತಳಿ ಕಾಡಿನಲ್ಲಿ ಹುಟ್ಟಿದ್ದಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ ಜರ್ಮನಿಯ ಅಪೋಲ್ಡಾ ಎಂಬ ಊರಿನಲ್ಲಿ ಲೂಯಿ ಡೋಬರ್‌ಮನ್ ಅನ್ನೋ ತೆರಿಗೆ ವಸೂಲಿ ಮಾಡುವವನು ತನ್ನ ಕಾವಲಿಗೆ ಬೇಕು ಅಂತ ಕೂಡಿಸಿ ಬೆಳೆಸಿದ ನಾಯಿ. ಗ್ರೇಟ್ ಡೇನ್ ಕೂಡ ಹೆಸರಿಗೆ ಮಾತ್ರ ಡೆನ್ಮಾರ್ಕಿನದು, ತಳಿಯಾಗಿ ರೂಪುಗೊಂಡಿದ್ದು ಜರ್ಮನಿಯಲ್ಲಿ. ಆ ಉದ್ದ ಕತ್ತು, ಆ ಎತ್ತರ, ಆ ಗತ್ತು ಎಲ್ಲಾ ನಾವು ಬೇಕು ಅಂತ ಆರಿಸಿ ಆರಿಸಿ ಮಾಡಿದ್ದು. ಅದರ ಜೊತೆಗೇ ಈ ಕತ್ತಿನ ಕಾಯಿಲೆಯೂ, ಹೃದಯದ ಕಾಯಿಲೆಯೂ ಬಂದವು. ಗ್ರೇಟ್ ಡೇನ್ ಬದುಕೋದೇ ಸಾಮಾನ್ಯವಾಗಿ ಏಳೆಂಟು ವರ್ಷ.

ಮರಿಯಾಗಿದ್ದಾಗ ಹೇಗೆ ತಿನ್ನಿಸುತ್ತೇವೆ ಅನ್ನೋದೂ ಮುಖ್ಯ. 1974ರಷ್ಟು ಹಿಂದೆಯೇ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ಗ್ರೇಟ್ ಡೇನ್ ಮರಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಬೇಕಾದಷ್ಟು, ಇನ್ನೊಂದಕ್ಕೆ ಮಿತವಾಗಿ ಹಾಕಿ ಬೆಳೆಸಿದರು. ಬೇಕಾದಷ್ಟು ತಿಂದವು ಬೇಗ ಬೆಳೆದವು, ಮೂಳೆಯ ತೊಂದರೆಗಳೂ ಅವಕ್ಕೇ ಹೆಚ್ಚು ಬಂದವು. 'ನಮ್ಮ ಮರಿ ನೋಡಿ, ಆರು ತಿಂಗಳಿಗೇ ಎಷ್ಟು ಎತ್ತರ' ಅಂತ ಹೆಮ್ಮೆಯಿಂದ ಕ್ಯಾಲ್ಸಿಯಂ ಡಬ್ಬಿ ತರುವವರು ಇದನ್ನು ತಿಳಿದಿರಬೇಕು. ಕಾಯಿಲೆಗೆ ಅದೊಂದೇ ಕಾರಣ ಅಲ್ಲ, ರಕ್ತದಲ್ಲಿ ಬಂದದ್ದೂ ಇದೆ. ಆದರೆ ಎರಡರಲ್ಲೂ ನಾಯಿಯ ಕೈವಾಡ ಏನೂ ಇಲ್ಲ.

ಆದ್ದರಿಂದ ನೈತಿಕ ನಿರ್ಧಾರ ಶುರುವಾಗೋದು ಆಸ್ಪತ್ರೆಯಲ್ಲಲ್ಲ, ಮರಿ ತರುವ ದಿನ. ಎರಡು ಬೆಡ್‌ರೂಮಿನ ಮನೆಗೆ ಗ್ರೇಟ್ ಡೇನ್ ಬೇಕು ಅನ್ನಿಸಿದಾಗ ಅದರ ಅಪ್ಪ-ಅಮ್ಮ ಯಾವ ವಯಸ್ಸಿನವರೆಗೆ ನೆಟ್ಟಗೆ ನಡೆದರು, ಹೃದಯ ತಪಾಸಣೆ ಆಗಿದೆಯಾ ಅಂತ ಕೇಳುವ ಎಷ್ಟು ಜನ ಇದ್ದೇವೆ? 2017ರ ನಾಯಿ ಸಂತಾನೋತ್ಪತ್ತಿ ಮತ್ತು ಮಾರಾಟದ ನಿಯಮಗಳ ಪ್ರಕಾರ ಮರಿ ಮಾಡಿ ಮಾರುವವರು ನೋಂದಣಿ ಮಾಡಿಸಿರಬೇಕು. ಆ ಕಾಗದ ತೋರಿಸಿ ಅಂತ ಕೇಳಿದರೆ ಸಾಕು, ಎಷ್ಟೋ ವ್ಯಾಪಾರ ಅಲ್ಲೇ ನಿಂತುಹೋಗುತ್ತದೆ. ಮುಧೋಳದ ನಾಯಿಯೋ, ಗೇಟಿನ ಹತ್ತಿರ ಮಲಗುವ ಕಂದು ಬಣ್ಣದ ಬೀದಿನಾಯಿಯ ಮರಿಯೋ ನಮ್ಮ ಬಿಸಿಲಿಗೆ, ನಮ್ಮ ನೆಲಕ್ಕೆ ಹೊಂದಿಕೊಂಡು ಬಂದವು. ಅವನ್ನು ತಂದರೆ ಕಾಯಿಲೆ ಬರಲ್ಲ ಅಂತೇನಿಲ್ಲ. ಆದರೆ ಒಂದು ರೂಪಕ್ಕಾಗಿ ಒಂದು ಕತ್ತನ್ನು ಪಣಕ್ಕಿಟ್ಟ ಹಾಗಾಗಲ್ಲ.

ಮನೆಯಲ್ಲಿ ಈಗಾಗಲೇ ಇರುವ ದೊಡ್ಡ ನಾಯಿಗೆ ಈ ಮಾತಿಂದ ಏನೂ ಪ್ರಯೋಜನ ಇಲ್ಲ, ಒಪ್ಪುತ್ತೇನೆ. ಅದಕ್ಕೆ ನಾವು ಕೊಡಬೇಕಾದ್ದು ಬೇರೆ. ಕಾಲು ಜಾರಿದ ಮೊದಲ ದಿನವೇ ನೆಲವನ್ನು ಬೈಯದೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದು. ಆಪರೇಷನ್ ಬೇಕು ಅಂದರೆ ಹೆದರದೆ, ಬೇಡ ಅಂದರೆ ನಾಚಿಕೆಪಡದೆ ಕೇಳಿಸಿಕೊಳ್ಳುವುದು. ಆಮೇಲೆ ಯಾವ ದಾರಿ ಹಿಡಿದರೂ 'ಇದರಿಂದ ಅದರ 'ನಾಳೆ' ಹೇಗಿರುತ್ತೆ, ಮುಂದಿನ ವಾರ ಹೇಗಿರುತ್ತೆ' ಅಂತ ದಿನದ ಲೆಕ್ಕದಲ್ಲಿ ಕೇಳಿಕೊಳ್ಳುವುದು. ವರ್ಷದ ಲೆಕ್ಕ ನಮ್ಮದು, ನಾಯಿಗೆ ದಿನವೇ ಲೆಕ್ಕ. ಅದು ಎದ್ದು ನಡೆದು, ಕಂಬ ಮೂಸಿ, ಬಂದು ಉಂಡು, ನೋಯದೆ ಮಲಗಿದ ದಿನಗಳು ಎಷ್ಟು ಸಿಗುತ್ತವೋ ಅಷ್ಟೇ ನಮ್ಮ ಉತ್ತರ. ಸರಮೆ ಬಂದು ಕೇಳಿದರೆ ತೋರಿಸೋಕೆ ಬೇರೆ ಏನೂ ನಮ್ಮ ಹತ್ತಿರ ಇಲ್ಲ.